ದೊಡ್ಡಮ್ಮನ ಎಂಟನೇ ಕ್ಲಾಸು

ಏಳನೇ ಕ್ಲಾಸಿನಲ್ಲಿ ಮೂರು ಸಲ ಫೇಲಾದವರು ನಮ್ಮ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಮೂರು ಸಲ ಪಾಸಾದವಳು ಒಬ್ಬಳೇ, ನಮ್ಮ ದೊಡ್ಡಮ್ಮ!

ತಮಾಷೆಯಲ್ಲ. ಕೊಕ್ಕರ್ಣೆಯಿಂದ ಇನ್ನಷ್ಟು ಒಳಗಿರುವ ನಮ್ಮ ಊರಿನ ಶಾಲೆಯಲ್ಲಿ ಆಗ ಏಳರವರೆಗೆ ಮಾತ್ರ ಇತ್ತು. ಎಂಟು ಬೇಕೆಂದರೆ ಹೊಳೆ ದಾಟಬೇಕು. ಹೆಣ್ಣುಹುಡುಗಿ ಹೊಳೆ ದಾಟಿ ಹೋಗುವುದುಂಟೇ ಎಂದು ನನ್ನ ಅಜ್ಜ ಕಣ್ಣು ಕೆಂಪಗೆ ಮಾಡಿದರಂತೆ. ದೊಡ್ಡಮ್ಮ ಅಳಲಿಲ್ಲ, ಊಟ ಬಿಡಲಿಲ್ಲ. ಶಾಲೆ ಶುರುವಾದ ದಿನ ಚೀಲ ಹೆಗಲಿಗೇರಿಸಿಕೊಂಡು ಹೋಗಿ ಪುನಃ ಏಳನೇ ಕ್ಲಾಸಿನಲ್ಲೇ ಕೂತಳು. ಏಳರಲ್ಲಿ ಕೂತವಳನ್ನು ‘ಏಳು’ ಎನ್ನಲು ಆಗಿನ ಮಾಷ್ಟ್ರಿಗೂ ಮನಸ್ಸಾಗಲಿಲ್ಲ. ಮರುವರ್ಷವೂ ಅದೇ ಕತೆ. ಮೂರನೇ ವರ್ಷ ಅವಳು ಮಾಷ್ಟ್ರ ತಪ್ಪುಗಳನ್ನು ತಿದ್ದಲು ಶುರುಮಾಡಿದಾಗ ಊರಿಗೆಲ್ಲ ಗಾಬರಿಯಾಗಿ, ಆ ವರ್ಷದ ಪರೀಕ್ಷೆ ಮುಗಿದದ್ದೇ ಮದುವೆ ಮಾಡಿ ಶಾಲೆ ಬಿಡಿಸಿದರು. ಗಂಡನ ಮನೆ ಎಲ್ಲಿ? ಅದೇ ಶಾಲೆಯ ಹಿಂದೆ!

ಅಲ್ಲಿಂದ ಮುಂದೆ ಅವಳು ಮನುಷ್ಯರನ್ನು ಕ್ಲಾಸಿನ ಲೆಕ್ಕದಲ್ಲೇ ಅಳೆಯತೊಡಗಿದಳು. ಪಕ್ಕದ ಮನೆಯವರು ಮೂರನೇ ಕ್ಲಾಸು. ಪಂಚಾಯತಿ ಮೆಂಬರು ಒಂದನೇ ಕ್ಲಾಸು, ಅದೂ ಹಾಜರಿ ಕಮ್ಮಿ. ಕಟ್ಟಿಕೊಂಡ ದೊಡ್ಡಪ್ಪನ ಬಗ್ಗೆಯೂ ದಾಕ್ಷಿಣ್ಯವಿಲ್ಲ: “ಜನ ಒಳ್ಳೇವ್ರೇ. ಆರ್ನೇ ಕ್ಲಾಸಿಗೇ ನಿಂತ್ ಹೋಯಿರ್.” ನಾನು ಪಿಯುಸಿ ಮುಗಿಸಿ ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ಇಟ್ಟವನು. ನನಗೆ ಅವಳು ಕೊಟ್ಟದ್ದು ನಾಲ್ಕೂವರೆ!

ಹೊಳೆಯ ವಿಷಯಕ್ಕೆ ಬರುತ್ತೇನೆ. ಊರಿಗೂ ಆಚೆ ದಡದ ಹೈಸ್ಕೂಲಿಗೂ ನಡುವೆ ಇದ್ದದ್ದು ಒಂದು ಕಾಲುಸಂಕ. ಎರಡು ಮೂರು ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರು. ಬೇಸಿಗೆಯಲ್ಲಿ ಅದರ ಮೇಲೆ ನಾಯಿಯೂ ನಿದ್ದೆ ಮಾಡುತ್ತದೆ. ಮಳೆಗಾಲದಲ್ಲಿ ಕೆಳಗಿನ ಕೆಂಪು ನೀರು ಕಾಂಡಕ್ಕೆ ನಾಲಗೆ ಚಾಚುತ್ತದೆ. ಸುತ್ತಿ ಹೋಗಲು ರಸ್ತೆ ಇತ್ತು, ಆದರೆ ಹಾಗೆ ಹೋದ ಮಕ್ಕಳು ಮಧ್ಯಾಹ್ನದ ಬೆಲ್ಲಿಗೆ ಮುಟ್ಟಬೇಕಷ್ಟೆ.

ಮಳೆಗಾಲದ ಬೆಳಿಗ್ಗೆ, ಸಂಜೆ ದೊಡ್ಡಮ್ಮ ಆ ಸಂಕದ ಬುಡದಲ್ಲಿ ಹಾಜರು. ಒಂದು ಕಾಲು ದಡದ ಮೇಲೆ, ಇನ್ನೊಂದು ಕಾಂಡದ ತುದಿಯ ಮೇಲೆ. ಒಂದೊಂದೇ ಮಗುವನ್ನು ದಾಟಿಸುತ್ತಿದ್ದಳು. ಹೇಗೆ? ಬೈದು! “ಹ್ವಾಯ್, ನೀರ್ ಎಂತಕೆ ಕಾಂತೆ? ನಿನ್ ಪರೀಕ್ಷಿ ನೀರಗೆ ಬರ್ದದ್ದಾ? ಮುಂದ್ ಕಾಣ್!” ಅವಳ ಬೈಗುಳ ನಿಲ್ಲುವುದರೊಳಗೆ ಮಗು ಆಚೆ ದಡದಲ್ಲಿ. ಹೊಳೆಗಿಂತ ದೊಡ್ಡಮ್ಮನ ಹೆದರಿಕೆ ಹೆಚ್ಚು ಎಂದ ಮೇಲೆ ಹೊಳೆಗೆ ಯಾರು ಮರ್ಯಾದೆ ಕೊಡುತ್ತಾರೆ!

ಆದರೂ ಏಳು ಮುಗಿಸಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಸಂಕದ ತನಕ ಬರುತ್ತಲೇ ಇರಲಿಲ್ಲ. ಆ ವರ್ಷ ಸುಜಾತನ ಸರದಿ. ಓದಿನಲ್ಲಿ ಚುರುಕು, ಮಾತು ಕಮ್ಮಿ. ಅವಳ ಅಪ್ಪ ಶೀನ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಹೋಗುವವನು. ಊರಿಗೆಲ್ಲ ದೊಡ್ಡಮ್ಮನೇ ಆಗಿದ್ದ ನಮ್ಮ ದೊಡ್ಡಮ್ಮ ಅವನ ಅಂಗಳಕ್ಕೆ ಹೋಗಿ ಜಗಳ ತೆಗೆದಾಗ ಆತ ಸ್ವರ ಏರಿಸದೆ ಹೇಳಿದ:

“ದೊಡ್ಡಮ್ಮ, ನೀವ್ ಹೊಳಿ ಕಂಡದ್ದ್ ದಡದಗೆ ನಿಂತ್. ನಾನ್ ನೀರಗೇ ಕೆಲ್ಸ ಮಾಡುವವ. ನಂಗ್ ಅದ್ರ ಬುದ್ಧಿ ಗೊತ್ತಿತ್ತ್. ಅದ್ಕೇ ಕಳ್ಸುದಿಲ್ಲೆ. ಆಸಾಡಿ ಕಳಿಲಿ, ಕುಂದಾಪ್ರದಗೆ ಅವ್ಳ ಅತ್ತಿ ಮನಿಗ್ ಬಿಡ್ತೆ. ಮನಿಕೆಲ್ಸಕ್ಕೆ ಒಂದ್ ಜನ ಆತ್ತ್.”

ದೊಡ್ಡಮ್ಮ ಜಗಳ ಅರ್ಧಕ್ಕೇ ಬಿಟ್ಟು ಮನೆಗೆ ಬಂದಳು. ನನಗೆ ತಿಳಿದಂತೆ ಅದೇ ಮೊದಲು.

ಅದೇ ಹೊತ್ತಿಗೆ ಸುದ್ದಿ ಬಂತು: ಸರಕಾರ ಏಳನೇ ಕ್ಲಾಸಿನ ಶಾಲೆಗಳಿಗೇ ಎಂಟನೇ ಕ್ಲಾಸು ಸೇರಿಸುತ್ತದಂತೆ! ಎಲ್ಲ ಶಾಲೆಗೂ ಒಟ್ಟಿಗೆ ಅಲ್ಲ, ಹೈಸ್ಕೂಲು ದೂರ ಇದ್ದ ಕಡೆ ಮೊದಲು. ನಾನು ಪೇಪರಿನಲ್ಲಿ ಓದಿ ದೊಡ್ಡಮ್ಮನ ನೆರೆಮನೆಗೆ ಫೋನ್ ಮಾಡಿದೆ. ಅವಳು ಅಲ್ಲಿಂದ “ಹೌದಾ!” ಎಂದ ಅಬ್ಬರಕ್ಕೆ ನನ್ನ ಬೂತಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ತಂತಿ ಇಲ್ಲದಿದ್ದರೂ ಕೇಳುತ್ತಿತ್ತೋ ಏನೋ.

ಮರುದಿನವೇ ಹೆಡ್‌ಮಾಷ್ಟ್ರ ಮೇಲೆ ದಾಳಿ. ನಾನೂ ಊರಿಗೆ ಬಂದಿದ್ದೆ. ಮಾಷ್ಟ್ರು ಸಾಧು ಜನ, ನಿವೃತ್ತಿ ಹತ್ತಿರವಿತ್ತು, ಹೊಸ ತಾಪತ್ರಯ ಯಾವುದೂ ಬೇಡವಾಗಿತ್ತು.

“ರೂಮಿಲ್ಲ ಅಮ್ಮಾ.”

“ಜಗಲಿ ಇತ್ತಲೆ?”

“ಮಾಷ್ಟ್ರಿಲ್ಲ.”

“ನೀವಿದ್ರಿಯಲೆ?”

“ನಾನು ಎಂಟನೇ ಕ್ಲಾಸಿಗೆ ಪಾಠ ಮಾಡಿದವನೇ ಅಲ್ಲ ಅಮ್ಮಾ!”

“ಏಳ್ ಗೊತ್ತಿತ್ತಲ್ದಾ? ಅದ್ಕೆ ಒಂದ್ ಸೇರ್ಸಿ!”

ಊರಿನ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ಹೆಣ್ಣುಮಕ್ಕಳು ಒಂದು ವರ್ಷ ಹೆಚ್ಚು ಓದಿದರೆ ಎಂತ ಆಗುವುದುಂಟು ಎಂದು ಕೇಳಿದರು. ದೊಡ್ಡಮ್ಮ ಕೂತಲ್ಲಿಂದಲೇ, “ನಿಮ್ಮನಿ ಎಮ್ಮಿ ಒಂದ್ ತಿಂಗ್ಳ್ ಹೆಚ್ಚಿಗಿ ಹಾಲ್ ಕೊಟ್ರೆ ಬ್ಯಾಡ ಅಂತ್ರಿಯಾ?” ಎಂದಳು. ಆ ಹಿರಿಯರು ಮತ್ತೆ ಯಾವ ಸಭೆಯಲ್ಲೂ ಎದ್ದದ್ದನ್ನು ನಾನು ಕಂಡಿಲ್ಲ.

ಆದರೆ ಅಧಿಕಾರಿಗಳು ಒಪ್ಪಬೇಕಲ್ಲ? ಆ ಸಾಹೇಬರ ಹೆಸರು, ಆಫೀಸು ಬೇಡ ಬಿಡಿ. ಘಟ್ಟದ ಆಚೆಯಿಂದ ವರ್ಗವಾಗಿ ಬಂದ ಮರ್ಯಾದಸ್ಥರು. ಅವರು ನಕ್ಷೆ ಬಿಚ್ಚಿ ನಮಗೆ ತೋರಿಸಿದರು. “ನೋಡಿ, ನಿಮ್ಮ ಶಾಲೆ ಇಲ್ಲಿ. ಹೈಸ್ಕೂಲು ಇಲ್ಲಿ. ಇಷ್ಟು ಹತ್ತಿರ ಇರುವಾಗ ಇನ್ನೊಂದು ಎಂಟನೇ ತರಗತಿ ಹೇಗೆ ಕೊಡಲಿ?”

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನಕ್ಷೆಯ ನೀಲಿ ಗೆರೆಯ ಮೇಲೆ ಬೆರಳಿಟ್ಟಳು. “ಇದೆಂತ ಸಾಹೇಬ್ರೆ?”

“ಹೊಳೆ.”

ಅವಳು ಬೆರಳು ಎತ್ತಿ ತಿರುಗಿಸಿ ನೋಡಿ ಹೇಳಿದಳು: “ಕೈಯೇ ಒದ್ದಿ ಆಯ್ಲಿಲ್ಲೆ!”

ಸಾಹೇಬರಿಗೆ ನಗು ಬಂತು, ಎಂಟನೇ ಕ್ಲಾಸು ಬರಲಿಲ್ಲ. ಸರಿ, ದೊಡ್ಡಮ್ಮ ಬೆಳಿಗ್ಗೆ ಮಕ್ಕಳನ್ನು ದಾಟಿಸಿ ದಿನಾ ಅವರ ಆಫೀಸಿನ ಬೆಂಚಿನ ಮೇಲೆ ಕೂತಳು, ಸಂಜೆ ದಾಟಿಸುವ ಹೊತ್ತಿಗೆ ವಾಪಸು. ಜಗಳವಿಲ್ಲ, ಕೂಗಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಅವಲಕ್ಕಿ ತಿನ್ನುವಾಗ ಸಾಹೇಬರಿಗೂ ಒಂದು ಬಾಳೆಲೆ ತುಂಡಿನಲ್ಲಿ ಕೊಟ್ಟು ಕಳಿಸುವುದು. ಆಸಾಡಿಯ ಮಳೆತಿಂಗಳು ಮುಗಿಯುತ್ತ ಬಂದಿತ್ತು. ಸುಜಾತನ ಬಟ್ಟೆಬರೆ ಕಟ್ಟಿ ಇಟ್ಟಾಗಿದೆ ಎಂಬ ಸುದ್ದಿಯೂ ಬಂತು. ದೊಡ್ಡಮ್ಮ ರಾತ್ರಿ ಊಟ ಬಿಡುತ್ತಿದ್ದಾಳೆ ಎಂದು ದೊಡ್ಡಪ್ಪ ನನಗೆ ಫೋನ್ ಮಾಡಿದರು. ಕೊನೆಗೆ ಅವಲಕ್ಕಿಯ ದಾಕ್ಷಿಣ್ಯಕ್ಕೋ, ಬೇಸರಕ್ಕೋ, ಸಾಹೇಬರು ಒಪ್ಪಿದರು: “ಆಯ್ತಮ್ಮ, ಬಂದು ಸ್ಥಳ ನೋಡ್ತೇನೆ.”

ಅವರು ಬಂದ ದಿನ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಜೀಪು ಶಾಲೆಯ ಹತ್ತಿರ ನಿಂತಿತು. ಅಲ್ಲಿಂದ ಸಂಕದ ತನಕ ನಡಿಗೆ. ನಾನೂ ಸೇರಿ ಊರಿನ ಅರ್ಧ ಜನ ಬಂದಿದ್ದೆವು. ಕೆಲಸಕ್ಕೆ ರಜೆ ಎಂದು ಶೀನನೂ ಮಗಳ ಜೊತೆ ದೂರದಲ್ಲಿ ನಿಂತಿದ್ದ. ಹೊಳೆ ತುಂಬಿತ್ತು. ದೊಡ್ಡಮ್ಮನೇ ಹೇಳಿದಳು, “ಸಾಹೇಬ್ರೆ, ಕಂಡಾಯ್ತಲೆ. ದಾಟುದ್ ಬ್ಯಾಡ.”

ಸಾಹೇಬರಿಗೆ ಏನು ಛಲ ಬಂತೋ! “ಮಕ್ಕಳು ದಾಟ್ತಾರೆ ಅಂದ್ರೆ ನಾನು ದಾಟಲಾರೆನೇ?” ಎಂದು ಕೊಡೆ ಹಿಡಿದು ಹೊರಟೇಬಿಟ್ಟರು. ಸಂಕದ ಮಧ್ಯಕ್ಕೆ ಹೋಗುವಾಗ ಗಾಳಿ ಬೀಸಿ ಕೊಡೆ ಕೈತಪ್ಪಿತು. ಅವರು ಮಾಡಬಾರದ ಕೆಲಸ ಮಾಡಿದರು, ಕೊಡೆ ಬಿದ್ದದ್ದೆಲ್ಲಿ ಎಂದು ಕೆಳಗೆ ನೋಡಿದರು. ಅಲ್ಲಿಗೆ ಮುಗಿಯಿತು. ಹಾಗೆಯೇ ಕುಸಿದು ಕುದುರೆ ಏರಿದವರಂತೆ ಕಾಂಡದ ಮೇಲೆ ಕೂತು, ಎರಡು ಕೈಯಲ್ಲೂ ಅದನ್ನು ಅಪ್ಪಿಕೊಂಡರು. ಕಣ್ಣು ಮುಚ್ಚಿತ್ತು. ಬೂಟಿಗೆ ನೀರು ಬಡಿಯುತ್ತಿತ್ತು.

ಯಾರೂ ನಗಲಿಲ್ಲ. ನಾನು ಸಂಕಕ್ಕೆ ಕಾಲಿಟ್ಟೆ. ಕಾಂಡ ಒಂದು ಕೆಟ್ಟ ಶಬ್ದ ಮಾಡಿತು. ಶೀನ ಹಾರಿ ಬಂದು ನನ್ನ ಅಂಗಿ ಹಿಡಿದು ಎಳೆದ. “ಹೋಗ್ಬೇಡಿ! ಆಚಿ ಬದಿ ಕಟ್ಟ್ ಸಡ್ಲ ಆಯಿತ್ತ್. ನಿಮ್ದೂ ನಂದೂ ಭಾರ ತಡುದಿಲ್ಲೆ. ಹಗೂರ ಜನ ಯಾರಾರೂ ಹೋಯ್ಕ್.”

ಹಗುರ ಜನ ಯಾರು? ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು. ಒಣಗಿದ ಕಡ್ಡಿಯಂಥ ಹೆಂಗಸು, ದಿನಾ ಸಂಕದ ಮೇಲೆಯೇ ಇರುವವಳು. ಆದರೆ ದೊಡ್ಡಮ್ಮ ಕದಲಲಿಲ್ಲ. ಎಂದಿನಂತೆ ಒಂದು ಕಾಲು ದಡದಲ್ಲಿ, ಇನ್ನೊಂದು ಕಾಂಡದ ತುದಿಯಲ್ಲಿ. ಬಾಯಲ್ಲಿ ಒಂದು ಬೈಗುಳವೂ ಇಲ್ಲ. ನನಗೆ ಅರ್ಥವಾಗಲಿಲ್ಲ. ಆಗ ಅಪ್ಪನ ಹಿಂದೆಯೇ ಓಡಿ ಬಂದು ನನ್ನ ಪಕ್ಕದಲ್ಲಿ ನಿಂತಿದ್ದ ಸುಜಾತ ಮೆಲ್ಲಗೆ ಹೇಳಿದಳು:

“ದೊಡ್ಡಮ್ಮ ಇಷ್ಟ್ ವರ್ಷದಗೆ ಒಂದ್ ಸಲವೂ ದಾಟ್ಲಿಲ್ಲೆ. ಅವ್ರಿಗೆ ನೀರ್ ಕಂಡ್ರೆ ಹೆದ್ರಿಕಿ. ನಮ್ಗೆಲ್ಲ ಗೊತ್ತಿತ್ತ್. ನಾವ್ ಯಾರಿಗೂ ಹೇಳುದಿಲ್ಲೆ.”

ಹೌದಲ್ಲ! ದೊಡ್ಡಮ್ಮನ ಹಿಂದಿನ ಕಾಲು ಯಾವತ್ತೂ ದಡ ಬಿಟ್ಟಿರಲಿಲ್ಲ! “ದೊಡ್ಡಮ್ಮ, ಬ್ಯಾಡ, ಹಗ್ಗ ತರ್ತೆ” ಎಂದೆ. ಅಷ್ಟರಲ್ಲಿ ಆ ಕಾಲು ಮೇಲೆದ್ದಿತ್ತು.

ಬಿದಿರು ಹಿಡಿದು, ಅಡ್ಡ ತಿರುಗಿ, ಇಂಚು ಇಂಚೇ ಸರಿದು ಹೋದಳು. ಕಾಂಡ ನಡುಗುತ್ತಿತ್ತೋ ಅವಳೇ ನಡುಗುತ್ತಿದ್ದಳೋ ಗೊತ್ತಾಗಲಿಲ್ಲ. ನೀರು ಇನ್ನಷ್ಟು ಏರಿತ್ತು. ಸಾಹೇಬರ ಹತ್ತಿರ ಮುಟ್ಟಿದಾಗ ಅವಳಿಗೆ ತನ್ನ ಸ್ವರ ಸಿಕ್ಕಿತು.

“ಸಾಹೇಬ್ರೆ, ಕಣ್ ಬಿಡಿ. ನೀರ್ ಬ್ಯಾಡ, ತಿರ್ಗಿ ನನ್ ಮುಖ ಕಾಣಿ. ನೀವ್ ಎಲ್ಲಿವರಿಗ್ ಓದಿದ್ದ್?”

“ಎಂ... ಎಂ.ಎ., ಬಿ.ಎಡ್.”

“ಅದ್ರಗೆ ಎಂಟ್ನೇ ಕ್ಲಾಸ್ ಇತ್ತಾ?”

“ಇತ್ತು ಅಮ್ಮಾ!”

“ಎಲ್ಲಿ ಓದ್ದದ್ದ್?”

“ನಮ್ಮೂರಲ್ಲೇ... ಮನೆ ಎದುರು.”

“ನಡುಕೆ ಹೊಳಿ ಇತ್ತಾ?”

“ಇಲ್ಲ ಅಮ್ಮಾ, ಇಲ್ಲ!”

“ಹಾಂಗಾರೆ ಏಳಿ.”

ಸಾಹೇಬರು ಈಚೆ ತಿರುಗಿ ಎದ್ದರು! ಅವರ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಸಿಕ್ಕಿಸಿಕೊಂಡು ದೊಡ್ಡಮ್ಮ ನಮ್ಮ ದಡದ ಕಡೆ ಹಿಂದಕ್ಕೆ ಹಿಂದಕ್ಕೆ ಸರಿದಳು. ಒಮ್ಮೆ ಅವಳ ಕಾಲು ಜಾರಿತು. ಈ ಬಾರಿ ಬಿಗಿಯಾಗಿ ಹಿಡಿದವರು ಸಾಹೇಬರು. ಕೈಗೆಟಕುವಷ್ಟು ಬಂದದ್ದೇ ಶೀನ ಇಬ್ಬರನ್ನೂ ಎಳೆದು ಹುಲ್ಲಿನ ಮೇಲೆ ಹಾಕಿದ.

ಸಾಹೇಬರು ಬೂಟು ಕಳಚಿ ನೀರು ಚೆಲ್ಲಿದರು. ಆಮೇಲೆ ಕೇಳಿದರು, “ಅಮ್ಮಾ, ನಿಮ್ಮ ಕೈ ಅಷ್ಟು ನಡುಗ್ತಿತ್ತಲ್ಲ?”

“ಚಳಿ” ಎಂದಳು ದೊಡ್ಡಮ್ಮ.

ಆಸಾಡಿ ಮುಗಿಯುವ ಮೊದಲೇ ಎಂಟನೇ ಕ್ಲಾಸು ಮಂಜೂರಾಯಿತು. ಶಾಲೆಯ ಜಗಲಿಗೆ ಬಿದಿರಿನ ತಟ್ಟಿ ಕಟ್ಟಿ ಕ್ಲಾಸು ಮಾಡಿದರು. ಮನೆಗೆಲಸಕ್ಕೆಂದು ಕಟ್ಟಿಟ್ಟ ಬಟ್ಟೆಗಂಟು ಬಿಚ್ಚಿ ಸುಜಾತ ಮೊದಲ ಸಾಲಿನಲ್ಲಿ ಕೂತಳು. ಹೆಡ್‌ಮಾಷ್ಟ್ರು ಆ ವಯಸ್ಸಿನಲ್ಲಿ ಬೀಜಗಣಿತ ಕಲಿತರು. ದೊಡ್ಡಮ್ಮ ತಟ್ಟಿಯ ಹೊರಗೆ ನಿಂತು ಪಾಠ ಕೇಳಿ, ಸಿಟ್ಟಿನಿಂದ ನನಗೆ ಫೋನ್ ಮಾಡಿದಳು: “ಎಕ್ಸ್ ಅಂದ್ರೆ ಎಷ್ಟ್ ಅಂದೇಳಿ ಮಾಷ್ಟ್ರಿಗೂ ಗೊತ್ತಿಲ್ಲೆ ಮಾರಾಯ! ಮಕ್ಳ್ ಹತ್ರವೇ ಹುಡ್ಕಿ ಅಂತ್ರ್!”

ವರ್ಷ ಕಳೆಯಿತು. ಎಂಟು ಮುಗಿಯಿತು. ಮುಂದೆ? ಒಂಬತ್ತನೇ ಕ್ಲಾಸು ಹೊಳೆಯ ಆಚೆಯೇ ಇತ್ತಲ್ಲ! ನಾವೆಲ್ಲ ಎಂಟನ್ನು ಗೆದ್ದ ಸಂಭ್ರಮದಲ್ಲಿ ಒಂಬತ್ತು ಎಂಬ ಸಂಖ್ಯೆಯನ್ನೇ ಮರೆತಿದ್ದೆವು. ದೊಡ್ಡಮ್ಮ ಮರೆತಿರಲಿಲ್ಲ. ಬೇಸಿಗೆ ರಜೆಯಿಡೀ ಅವಳಿಗೆ ನಿದ್ದೆಯಿಲ್ಲ. ಶೀನನ ಜೊತೆ ಆಡಬೇಕಾದ ಜಗಳವನ್ನು ಒಲೆಯ ಮುಂದೆ, ಬಾವಿಕಟ್ಟೆಯ ಮೇಲೆ ದೊಡ್ಡಪ್ಪನನ್ನೇ ಶೀನ ಮಾಡಿಕೊಂಡು ಅಭ್ಯಾಸ ಮಾಡಿದಳಂತೆ. ದೊಡ್ಡಪ್ಪ ಪ್ರತಿ ಸಲವೂ ಮೊದಲ ಮಾತಿಗೇ ಸೋಲುತ್ತಿದ್ದುದರಿಂದ ಅಭ್ಯಾಸ ಸರಿಯಾಗಲಿಲ್ಲ. ಹೈಸ್ಕೂಲು ಶುರುವಾಗುವ ಹಿಂದಿನ ದಿನ ನನಗೂ ಕರೆ ಬಂತು: “ಬಾ. ಒಬ್ಳಿಗೇ ಆತಿಲ್ಲೆ.”

ಬೆಳಿಗ್ಗೆ ಇಬ್ಬರೂ ಸಂಕದ ಕಡೆ ನಡೆದೆವು. ಅಲ್ಲಿಂದ ಶೀನನ ಮನೆಗೆ ಹೋಗುವ ಯೋಚನೆ. ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಿತ್ತು.

ಹೋಗಿ ನೋಡುತ್ತೇವೆ, ಸಂಕಕ್ಕೆ ಹೊಸ ಹಲಗೆ! ಎರಡೂ ಬದಿಗೆ ದೋಣಿಗೆ ಕಟ್ಟುವ ದಪ್ಪ ಹಗ್ಗ, ಸೊಂಟದೆತ್ತರಕ್ಕೆ ಬಿಗಿದದ್ದು. ಶೀನ ಮಂಡಿಯೂರಿ ಕೊನೆಯ ಗಂಟು ಹಾಕುತ್ತಿದ್ದ. ಹಿಂದೆ ಸುಜಾತ, ಹೊಸ ಯೂನಿಫಾರ್ಮಿನಲ್ಲಿ. ಅವಳ ಹಿಂದೆ ಇನ್ನೂ ಕೆಲವು ಹೆಣ್ಣುಮಕ್ಕಳು.

ದೊಡ್ಡಮ್ಮ ಹಗ್ಗವನ್ನು ಜಗ್ಗಿ ನೋಡಿದಳು. ಅಭ್ಯಾಸ ಮಾಡಿದ ಅಷ್ಟೂ ಜಗಳ ದಂಡ!

ಶೀನ ಎದ್ದು ಕೈ ಒರೆಸಿಕೊಂಡ. ಮುಖ ನೋಡದೆ ಹೇಳಿದ, “ಏಳಕ್ಕೆ ನಿಲ್ಸಿದ್ರೆ ನಿಲ್ಸುಕ್ ಆತಿತ್ತ್ ದೊಡ್ಡಮ್ಮ. ಎಂಟ್ ಓದಿದ್ ಮೇಲೆ ಇವ್ಳ್ ಮನೆಯಗೆ ಕೂಕಂಡ್ ಓದುದ್ ಕಂಡೆ. ಇನ್ನ್ ನಿಲ್ಸುಕ್ ಮನಸ್ ಬತ್ತಿಲ್ಲೆ.” ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳನ್ನು ಮುಂದೆ ಬಿಟ್ಟು, ಹಿಂದೆ ತಾನು ನಡೆದ. ಉಳಿದ ಹುಡುಗಿಯರೂ ಹೊರಟರು.

ದೊಡ್ಡಮ್ಮನಿಗೆ ಬೈಯಲು ಯಾರೂ ಉಳಿಯಲಿಲ್ಲ. ನನ್ನ ಕಡೆ ತಿರುಗಿ, “ನೀ ಎಂತ ಕಾಂತ್ ನಿಂತದ್ದ್?” ಎಂದು ಗದರಿದಳು. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಮಕ್ಕಳು ಆಚೆ ದಡ ಹತ್ತಿ, ಹೈಸ್ಕೂಲಿನ ತಿರುವಿನಲ್ಲಿ ಮರೆಯಾದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.