ಎರಡು ಬುತ್ತಿ ಡಬ್ಬಿ, ಒಂದು ಜಾವಾ ಪಾಠ

ಮೇಷ್ಟ್ರಾದವನಿಗೆ ತಪ್ಪು ಕಲಿಸುವುದು ಬಲು ಸುಲಭ; ತಪ್ಪು ಕಲಿಸಿದೆನೆಂದು ಒಪ್ಪಿಕೊಳ್ಳುವುದೇ ಕಷ್ಟ. ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಹನ್ನೆರಡು ವರ್ಷದಿಂದ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೇನೆ. ಎರಡು ಹೆಸರು ಒಂದೇ ಹೌದೋ ಅಲ್ಲವೋ ನೋಡಲು ನಡುವೆ ಎರಡು ಸಮಚಿಹ್ನೆ ಹಾಕಿದರೆ ಸಾಕು ಎಂದು ಅಷ್ಟೂ ವರ್ಷ ಘಂಟಾಘೋಷವಾಗಿ ಹೇಳಿದ್ದೇನೆ. ನಮ್ಮ ಲ್ಯಾಬಿನ ಕೀಬೋರ್ಡುಗಳಲ್ಲಿ ಅರ್ಧ ಗುಂಡಿ ಕೆಲಸ ಮಾಡುವುದಿಲ್ಲ. ಟೈಪ್ ಮಾಡಿಸುವ ಉಸಾಬರಿ ಯಾಕೆಂದು ಹೆಸರುಗಳನ್ನು ಒಳಗೇ ಬರೆದಿಟ್ಟ ಹಳೆಯ ಪ್ರೋಗ್ರಾಮನ್ನೇ ವರ್ಷವರ್ಷವೂ ಓಡಿಸುತ್ತಿದ್ದೆ. ಉತ್ತರ ಪ್ರತಿಸಲವೂ ‘ಹೌದು’ ಎಂದೇ ಬರುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನವಿರುವಾಗ ಜವಳಗೇರಾದಿಂದ ಬಸ್ಸಿಗೆ ಬರುವ ನನ್ನ ವಿದ್ಯಾರ್ಥಿನಿ ರೇಣುಕಾ ಎದುರು ನಿಂತಳು. ಲ್ಯಾಬಿನಲ್ಲಿದ್ದ ಒಂದೇ ಒಂದು ನೆಟ್ಟಗಿನ ಕೀಬೋರ್ಡು ಅವಳ ಪಾಲಿಗೆ ಬಂದಿತ್ತು. “ಸರ್, ಭತ್ತದ ತಳಿ ‘ಸೋನಾ’ ಅಂತ ಟೈಪ್ ಮಾಡಿದ್ರ, ಒಳಗಿನ ‘ಸೋನಾ’ಕ್ಕ ಹೊಂದಂಗಿಲ್ಲ ಅನ್ನಾಕತ್ತೈತ್ರಿ.”

“ನೀ ಏನೋ ತಪ್ಪು ಹೊಡದೀ, ನೋಡು ಹೋಗು” ಎಂದು ಗದರಿಸಿದೆ. ಅವಳು ಹೋಗಲಿಲ್ಲ.

“ಇಲ್ರೀ ಸರ್. ನಮ್ಮವ್ವಂದು, ದೊಡ್ಡವ್ವಂದು ಒಂದ ನಮೂನಿ ಬುತ್ತಿ ಡಬ್ಬಿ ಅದಾವ್ರಿ. ಎರಡರಾಗೂ ಅದ ರೊಟ್ಟಿ, ಅದ ಪುಂಡಿಪಲ್ಯ. ನಾವು ಕೇಳೋದು ಬುತ್ತಿ ಒಂದೇನು ಅಂತ. ಎರಡು ಸಮಚಿಹ್ನೆ ಕೇಳೋದು ಡಬ್ಬಿ ಒಂದೇನು ಅಂತ. ಪ್ರೋಗ್ರಾಮಿನಾಗ ಬರದಿಟ್ಟ ಹೆಸರಿಗೆ ಮಷಿನ್ ಒಂದ ಡಬ್ಬಿ ಇಟ್ಟು, ಎಷ್ಟು ಸಲ ಕೇಳಿದ್ರೂ ಅದನ್ನ ತೋರಸ್ತೈತ್ರಿ. ಟೈಪ್ ಮಾಡಿದ್ದಕ್ಕ ಬ್ಯಾರೆ ಡಬ್ಬಿ. ಒಳಗಿಂದು ನೋಡಬೇಕಂದ್ರ ‘ಈಕ್ವಲ್ಸ್’ ಅಂತ ಬರೀಬೇಕ್ರಿ.”

ಅವಳ ಕಂಪ್ಯೂಟರಿನ ಮುಂದೆ ಕೂತು ಹಾಗೇ ಬರೆದು ನೋಡಿದೆ, ಹೊಂದಿತು. ಎಂಥ ತಲೆ ಈ ಹುಡುಗಿಯದು! ಹನ್ನೆರಡು ವರ್ಷ ನನಗೆ ಹೊಳೆಯದ್ದನ್ನು ಊಟಕ್ಕೆ ಬುತ್ತಿ ಬಿಚ್ಚಿದಷ್ಟು ಸಲೀಸಾಗಿ ಬಿಚ್ಚಿಟ್ಟಿದ್ದಳು. ಆದರೆ ಮೂವತ್ತು ಮಕ್ಕಳ ನೋಟ್ಸಿನಲ್ಲಿ ನನ್ನ ತಪ್ಪೇ ಇತ್ತು. ತಿದ್ದದಿದ್ದರೆ ಅವರ ಮಾರ್ಕ್ಸು ಹೋಗುತ್ತದೆ, ತಿದ್ದಿದರೆ ನನ್ನ ಮಾನ. ನಾಳೆ ಹೇಳಿದರಾಯಿತೆಂದು ಮನೆಗೆ ಹೋದೆ. ಮರುದಿನ ನೋಡಿದರೆ ಎಲ್ಲರ ನೋಟ್ಸೂ ತಿದ್ದಿಯಾಗಿತ್ತು. “ಸರ್ ತಿದ್ಕೊಳ್ಳಾಕ ಹೇಳ್ಯಾರ” ಎಂದು ರೇಣುಕಾ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ಪರೀಕ್ಷೆಯ ದಿನ ಲಿಂಗಸುಗೂರಿನಿಂದ ಬಂದ ಪರೀಕ್ಷಕರು ಹಿಂದಿನವರಂತಲ್ಲದೆ ತಮ್ಮದೇ ಕೀಬೋರ್ಡು ತಂದಿದ್ದರು. ಟೈಪ್ ಮಾಡಿ ನೋಡಿದರು, ಎಲ್ಲರದೂ ಹೊಂದಿತು. “ಭಾಳ ಚಂದ ಕಲಿಸೀರ್ರಿ. ನಮ್ಮ ಹುಡುಗರಿಗೂ ಒಮ್ಮೆ ಬಂದು ಹೇಳ್ರಿ” ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ರೇಣುಕಾಳನ್ನು ಕರೆದು “ನನ್ನ ಹೆಸರು ಯಾಕ ಹೇಳಿದಿ ಯವ್ವಾ?” ಎಂದೆ.

“ನಾ ಹೇಳಿದ್ರ ಯಾರ್ ಕೇಳ್ತಾರ್ರಿ? ನೀವು ಹೇಳೀರಿ ಅಂದ್ರ ಸರಿನೋ ತಪ್ಪೋ ಅಂತ ಯಾರೂ ತಿರುಗಿ ನೋಡಂಗಿಲ್ರಿ.”

ಹನ್ನೆರಡು ವರ್ಷವೂ ನನ್ನ ತಪ್ಪನ್ನು ಯಾರೂ ತಿರುಗಿ ನೋಡದೆ ಇದ್ದದ್ದು ಹೀಗೆಯೇ. ಆ ಮಾತು ನನಗೆ ಚುರುಕ್ಕೆಂದಿತು.

ಬರುವ ಸೋಮವಾರ ಲಿಂಗಸುಗೂರಿಗೆ ಹೋಗುತ್ತಿದ್ದೇವೆ. ಪಾಠ ಯಾರದೆಂದು ಪರೀಕ್ಷಕರಿಗೆ ಫೋನ್ ಮಾಡಿ ಹೇಳಿದ್ದೇನೆ. ಮಾತಾಡುವವಳು ರೇಣುಕಾ. ಡಬ್ಬಿ ಹೊರುವವನು ನಾನು.