ಗಾಜಿನ ಪೆಟ್ಟಿಗೆಯ ಶುದ್ಧ ಗಾಳಿ

ಬಹಳ ಹಿಂದೆ, ಉಸಿರಾಡುವುದಕ್ಕೂ ಮಾನದಂಡ ಬೇಕೆಂದು ಜನರಿಗೆ ಇನ್ನೂ ಗೊತ್ತಿಲ್ಲದಿದ್ದಾಗ, ಪಚ್ಚೆಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಹರಿತವರ್ಮ ಮಹಾರಾಜರಿಗೆ ಹಸಿರೆಂದರೆ ಪ್ರಾಣ. ಪ್ರಜೆಗಳ ಪ್ರಾಣದ ವಿಷಯ ಆಮೇಲೆ ಬರುತ್ತದೆ.

ಮಹಾರಾಜರು ಪ್ರಜೆಗಳಿಗಾಗಿ ಹಸಿರು ವಸತಿ ಸಮುಚ್ಚಯ ಕಟ್ಟಿಸಿದರು. ಒಳಗಿನ ತಂಪು ಹೊರಗೆ ಸೋರಬಾರದೆಂದು ಕಿಟಕಿಗಳಿಗೆಲ್ಲ ಅರಗಿನ ಮುದ್ರೆ ಬಿತ್ತು. ಗೋಡೆಗೆ ಹಸಿರು ಬಳಿದರು. ಬಣ್ಣದ ಘಾಟು, ಒಗ್ಗರಣೆಯ ಹೊಗೆ, ಜನರ ಬೆವರು, ಎಲ್ಲವೂ ಒಳಗೇ ಉಳಿದವು. ಯಾವುದೂ ಪೋಲಾಗಲಿಲ್ಲ.

ಒಳಗಿನ ಗಾಳಿ ಅಳೆಯಲು ಯಂತ್ರವೊಂದು ಬೇಕೆಂದು ನಿಯಮವಿತ್ತು. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟಿದ್ದರೆ ಕೆಂಪು. ಆದರೆ ಪಚ್ಚೆಪುರದಲ್ಲೊಂದು ಪದ್ಧತಿ. ಅರಮನೆಯಿಂದ ಬಂದ ವಸ್ತುವನ್ನು ಯಾರೂ ಬಳಸುವಂತಿಲ್ಲ. ಅರಿಶಿನ ಕುಂಕುಮವಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸಂದುಗಳಿಗೆ ಮೇಣ ಮೆತ್ತಬೇಕು. ಹಿಂದೆ ಮಹಾರಾಜರು ದಯಪಾಲಿಸಿದ ಛತ್ರಿಯೂ ಹಾಗೇ ಕೂತಿತ್ತು, ಜನ ಅದರ ಎದುರಿಗೇ ನೆನೆದು ಹೋಗುತ್ತಿದ್ದರು. ಯಂತ್ರವೂ ಅರಮನೆಯ ತೋಟದಲ್ಲೇ ಪೆಟ್ಟಿಗೆ ಸೇರಿ, ಓಲಗದೊಡನೆ ಬಂದು, ಸಮುಚ್ಚಯದ ಪಡಸಾಲೆಯಲ್ಲಿ ಕೂತಿತು. ದೀಪ ಹಸಿರಾಗಿ ಉರಿಯಿತು. ಪೆಟ್ಟಿಗೆಯೊಳಗೇ ಉಳಿದಿದ್ದ ತೋಟದ ಗಾಳಿಗೆ ಏನಾಗಬೇಕು?

ಪಡಸಾಲೆಯ ಪಕ್ಕದ ಮನೆಯಲ್ಲಿದ್ದ ಪುಟ್ಟನಿಂಗಮ್ಮನ ಮಗಳು ಮುದ್ದಿಗೆ ಆ ಒಳಗಾಳಿಯಲ್ಲಿ ಗೂರಲು ಹತ್ತಿತು. ಎದೆ ಗೊರಗೊರ ಎನ್ನುವುದು ಗೋಡೆಯಾಚೆಗೂ ಕೇಳುತ್ತಿತ್ತು. ತಾಯಿ ವಾಯುಮಂತ್ರಿ ಮಾನದಂಡಯ್ಯನ ಕಾಲಿಗೆ ಬಿದ್ದಳು.

“ಬುದ್ಧೀ, ಮಗೀಗೆ ಉಸ್ರು ಕಟ್ತಾ ಅದೆ. ಒಂದೇ ಒಂದ್ ಕಿಟಕಿ ತಗುಸ್ಕೊಡಿ.”

“ದೀಪ ಹಸಿರಿದೆಯಲ್ಲಮ್ಮ, ಗಾಳಿ ಸರಿಯಾಗಿಯೇ ಇದೆ,” ಎಂದ ಮಂತ್ರಿ. “ಮಗುವಿನ ಮೂಗನ್ನು ತಪಾಸಣೆ ಮಾಡಿಸು. ಹಳೇ ಮಾಡೆಲ್ ಇರಬೇಕು.”

ಓದುಗ ಮಹಾಶಯರೇ, ಇದನ್ನು ಬರೆಯುವಾಗ ನನಗೇ ಮೈಯುರಿಯುತ್ತಿದೆ. ಅವಳಿಗೆ ಉರಿಯದೆ ಇರುತ್ತದೆಯೇ? ನೇರ ಪಡಸಾಲೆಗೆ ಬಂದವಳು ಒನಕೆ ಎತ್ತಿ ಗಾಜಿನ ಪೆಟ್ಟಿಗೆಗೆ ಒಂದು ಬಿಟ್ಟಳು. ಸಮುಚ್ಚಯದ ಗಾಳಿ ಸೋಕಿದ್ದೇ ದೀಪ ಕೆಂಪಾಯಿತು.

“ನೋಡ್ರಪ್ಪ, ಈಗ ನಿಜ ಹೇಳ್ತು,” ಎಂದಳು.

ಸುದ್ದಿ ತಿಳಿದು ಮಹಾರಾಜರೇ ಪಡಸಾಲೆಗೆ ಚಿತ್ತೈಸಿದರು. ಮಾನದಂಡಯ್ಯ ಕೈಮುಗಿದು ವಿವರಿಸಿದ. “ಮಹಾಪ್ರಭು, ಪೆಟ್ಟಿಗೆ ಇದ್ದಷ್ಟು ಕಾಲ ಗಾಳಿ ಶುದ್ಧವಿತ್ತು. ಈಕೆ ಒಡೆದೊಡನೆ ಕೆಟ್ಟಿತು. ಕೆಡಿಸಿದವರು ಯಾರೆಂದು ಸೇವಕ ಹೇಳಬೇಕೆ?”

“ಬೇಡ, ಡೇಟಾ ಸ್ಪಷ್ಟವಾಗಿದೆ. ಗಡೀಪಾರು ಮಾಡಿ.”

“ಹೊರಗೆ ಅಟ್ಟಿದರೆ ಅಲ್ಲಿಯ ಗಾಳಿಯನ್ನೂ ಕೆಡಿಸಿಯಾಳು, ಪ್ರಭು.”

“ಎಂಥ ದೂರದೃಷ್ಟಿ,” ಎಂದು ಮಹಾರಾಜರು ತಲೆದೂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಾಯಿ, ಮಗಳು ಇಬ್ಬರೂ ಸಮುಚ್ಚಯ ಬಿಟ್ಟು ಕದಲಬಾರದೆಂದು ಅಪ್ಪಣೆಯಾಯಿತು.

ಆಮೇಲೆ ಮಹಾರಾಜರು ಕೆಂಪು ದೀಪವನ್ನು ನೋಡಿ ಕಣ್ಣೊರೆಸಿಕೊಂಡರು. “ಪಾಪ, ಯಂತ್ರಕ್ಕೆ ಉಸಿರು ಕಟ್ಟಿದೆ.” ಹೊಸ ಪೆಟ್ಟಿಗೆ ಬಂತು. ಗೋಡೆ ಕೊರೆದು, ಹೊರಗಿನ ಗಾಳಿ ನೇರ ಪೆಟ್ಟಿಗೆಗೇ ಬರುವಂತೆ ಹಿತ್ತಾಳೆಯ ಕೊಳವೆ ಹಾಕಿಸಿದರು. ದೀಪ ಹಸಿರಾಯಿತು. ಸಮುಚ್ಚಯಕ್ಕೆ ‘ಸ್ವರ್ಣಪರ್ಣ’ ಪ್ರಶಸ್ತಿ ಘೋಷಣೆಯಾಗಿ, ಯಂತ್ರದ ತಲೆಗೆ ಕಿರೀಟವಿಟ್ಟರು.

ಸನ್ಮಾನದ ಗದ್ದಲದಲ್ಲಿ ಪುಟ್ಟನಿಂಗಮ್ಮ ಕೊಳವೆ ಪೆಟ್ಟಿಗೆಗೆ ಸೇರುವ ಸಂದಿಯ ಮೇಣವನ್ನು ಉಗುರಿನಿಂದ ಕೆರೆದು, ಮಗಳ ಮೂಗನ್ನು ಅಲ್ಲಿಗೆ ಹಿಡಿದಳು. ಮುದ್ದಿ ಎದೆ ತುಂಬ ಉಸಿರೆಳೆದುಕೊಂಡಳು. ಗೊರಗೊರ ನಿಂತು ಹಾಗೇ ನಿದ್ದೆ ಹೋದಳು.

ಅದೇ ಸಂದಿಯಿಂದ ಪಡಸಾಲೆಯ ಗಾಳಿಯೂ ನುಸುಳಿ, ಪೆಟ್ಟಿಗೆಯೊಳಗೆ ದೀಪ ಕೆಂಪಾಗತೊಡಗಿತು. ಕಾವಲುಗಾರ ಬಂದ. ಅವನೇನೂ ಕೆಟ್ಟವನಲ್ಲ, ಮೆಲ್ಲಗೇ ಹೇಳಿದ.

“ಮಗೀನ ಎತ್ಕೊಳವ್ವ. ಅದು ಯಂತ್ರದ ಗಾಳಿ.”

ಸಂದಿಗೆ ಮತ್ತೆ ಮೇಣ ಮೆತ್ತಿದ. ದೀಪ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮುದ್ದಿ ಎಚ್ಚರಗೊಂಡು ಕೆಮ್ಮತೊಡಗಿದಳು.