ಪರದೆ ಎಳೆಯುವ ನಮ್ಮಣ್ಣ

ನಮ್ಮಣ್ಣನ ಕೈಗೆ ಬಟ್ಟೆ ಸಿಕ್ಕರೆ ಅದು ಬಟ್ಟೆಯಾಗಿ ಉಳಿಯುವುದಿಲ್ಲ, ಪರದೆಯಾಗಿಬಿಡುತ್ತದೆ. ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಪರದೆ ಎಳೆದವನು. ಕಂಪನಿ ಮುಚ್ಚಿ, ಬೊಮ್ಮನಹಳ್ಳಿಯ ನಮ್ಮ ಒಂದೇ ಕೋಣೆಯ ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಒಲೆಯ ಮುಂದೆ ನನ್ನ ಹಳೇ ಸೀರೆ ಕಟ್ಟಿದ. ರೊಟ್ಟಿ ಬೇಯುವ ತನಕ ಯಾರೂ ಸರಿಸುವಂತಿಲ್ಲ! ಪಕ್ಕದ ಮನೆಯ ಮದುವೆಯಲ್ಲಿ ಅಂತರಪಟ ಹಿಡಿ ಎಂದರೆ, ಮುಹೂರ್ತಕ್ಕೆ ಮೊದಲೇ ಇಳಿಸಿಬಿಟ್ಟ. ಯಾಕೆ ಅಂದರೆ, ಮಂದಿ ಆಕಳಿಸುತ್ತಿದ್ದರಂತೆ.

ಇಂಥವನನ್ನು ನನ್ನ ಮೊಮ್ಮಗಳ ನಾಟಕಕ್ಕೆ ಕರೆದೊಯ್ಯಬೇಕಾಗಿ ಬಂತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ನನ್ನ ಸಂತೋಷ ಬರೆಯಲು ಕಲಿತ ಅಕ್ಷರ ಸಾಲದು. ತಾಯಿಯಿಲ್ಲದ ಆ ಕೂಸು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಸಭಾಂಗಣದಲ್ಲಿ ಹಳೆಯ ಸಂಗೀತ ನಾಟಕದ ರಾಣಿ! ಆದರೆ ಅರಮನೆ ಎಂದರೆ ಎರಡು ಕುರ್ಚಿ. ಹಾರ್ಮೋನಿಯಂ, ಪಿಟೀಲು, ತಬಲದವರೆಲ್ಲ ರಂಗದ ಮೇಲೇ ಕೂರುತ್ತಾರೆ. ಹಾಡುವವರು ಮೈಕಿನ ಮುಂದೆ, ಕುಣಿಯುವವರು ನಡುವೆ. ಪರದೆಯೇ ಇಲ್ಲ. ರಾಣಿ ಹಾಡುತ್ತ ಸಾಯಬೇಕು, ಆಮೇಲೆ ಎಲ್ಲರೆದುರೇ ಎದ್ದು ಮೈಕಿಗೆ ಹೋಗಿ ಕೊನೆಯ ಹಾಡು ಹಾಡಬೇಕು.

ಅಣ್ಣ ಎರಡು ದಿನ ಊಟ ಬಿಟ್ಟ. "ಸತ್ತಾಕಿನ್ನ ಮಂದಿ ಮುಂದ ಹಂಗ ಬಿಡಬಾರದವಾ," ಎಂದ.

"ಅಜ್ಜಾ, ನೀ ಎದ್ದು ಬಂದ್ರ ನಾ ಮತ್ತೆಂದೂ ಹಾಡೂದಿಲ್ಲ ನೋಡು," ಎಂದು ಅವಳು ಅವನಿಂದ ಆಣೆ ಮಾಡಿಸಿಕೊಂಡಳು.

ನಾಟಕದ ದಿನ ನನ್ನ ಕೂಸು ಎಷ್ಟು ಚೆಂದ ಸತ್ತಿತು ಅಂತೀರಿ! ಚಪ್ಪಾಳೆ ಹೊಡೆದು ಪಕ್ಕಕ್ಕೆ ತಿರುಗಿದರೆ ಅಣ್ಣನ ಕುರ್ಚಿ ಖಾಲಿ. ರಂಗದ ಮೇಲೆ, ಕುಣಿಯುವ ಹುಡುಗಿಯರ ನಡುವೆ, ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದಾನೆ ಮಹಾರಾಯ! ಬಿಚ್ಚಿದ ಧೋತರವನ್ನು ಎರಡೂ ಕೈಯಲ್ಲಿ ಅಗಲಿಸಿ ಅವಳಿಗೆ ಅಡ್ಡ ಹಿಡಿದಿದ್ದಾನೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ನನಗೆ ನಗು ಬರಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ನನ್ನ ಮಗಳು, ಅಂದರೆ ಈ ಕೂಸಿನ ತಾಯಿ, ಹೊಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಬಿದ್ದಾಗ ಮಂದಿ ನೋಡಲು ನುಗ್ಗುತ್ತಿದ್ದರು. ಆಂಬುಲೆನ್ಸ್ ಬರುವ ತನಕ ಅಣ್ಣ ಹೀಗೇ, ಚಡ್ಡಿಯಲ್ಲಿ, ಧೋತರ ಅಡ್ಡ ಹಿಡಿದು ನಿಂತಿದ್ದ. ಅವತ್ತು ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದ್ದೆ.

ರಂಗದ ಮೇಲೆ ಹಾರ್ಮೋನಿಯಂ ನಿಂತಿತು. ಅಣ್ಣ ಧೋತರ ಇಳಿಸಲಿಲ್ಲ. ಧೋತರದ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ಬಂದು ಅವನ ಬೆರಳು ಬಿಡಿಸಿತು.

"ಅಜ್ಜಾ, ಎದ್ದೀನಿ ನೋಡಿಲ್ಲಿ. ಧೋತರ ಉಟ್ಕೋ ಇನ್ನ."

ಆಮೇಲೆ ಅವಳು ಮೈಕಿಗೆ ಹೋಗಿ ಹಾಡಿದಳು. ಅಣ್ಣ ಧೋತರ ಉಡುವುದನ್ನೇ ಮರೆತು, ಅಲ್ಲೇ ಕೇಳುತ್ತ ನಿಂತ.